‘ಡೈರೆಕ್ಟ್ ಓನರ್’: ಸೆಕೆಂಡ್ ಹ್ಯಾಂಡ್ ಸರಕಿನ ಆನ್‌ಲೈನ್ ಜಾಹೀರಾತಿನಲ್ಲಿ ಮಾತು, ಮೌನ ಮತ್ತು ಕಾನೂನು

‘ಸಿಂಗಲ್ ಓನರ್, ಶೋರೂಂ ಕಂಡೀಷನ್, ಒಂದು ರೂಪಾಯಿ ಕೆಲಸ ಇಲ್ಲ, ಡಾಕ್ಟರ್ ಓಡಿಸಿದ ಗಾಡಿ, ಇನ್ಶೂರೆನ್ಸ್ ಇದೆ, ಡೈರೆಕ್ಟ್ ಓನರ್, ಬ್ರೋಕರ್‌ಗಳು ಫೋನ್ ಮಾಡಬೇಡಿ.’ ಹಳೆಯ ಕಾರು ಕೊಳ್ಳಲೆಂದು ಮೊಬೈಲು ತೆರೆದ ಕನ್ನಡಿಗರಿಗೆ ಈ ಧಾಟಿ ಚೆನ್ನಾಗಿ ಗೊತ್ತು. ಇಂಥ ಜಾಹೀರಾತುಗಳನ್ನು ದೂರುವಾಗ ನಾವು ಸಾಮಾನ್ಯವಾಗಿ ಅವುಗಳ ಉತ್ಪ್ರೇಕ್ಷೆಯನ್ನು ಹಿಡಿದು ಮಾತಾಡುತ್ತೇವೆ. ಉತ್ಪ್ರೇಕ್ಷೆಯಿಂದ ಆಗುವ ಹಾನಿ ಕಡಿಮೆ ಎಂಬುದು ಈ ಲೇಖನದ ನಿಲುವು. ಕೊಳ್ಳುವವರ ಕೈ ಕಟ್ಟಿಹಾಕುವ ಸಂಗತಿಗಳು ಬೇರೆ ಎರಡಿವೆ: ಸರಕಿನ ದೋಷದ ಬಗ್ಗೆ ಮಾರುವವರು ಪಾಲಿಸುವ ಮೌನ ಮತ್ತು ಅವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಮಾತು. ನಮ್ಮ ಕಾನೂನಿನ ಹಿಡಿತ ಸಡಿಲವಾಗಿರುವುದೂ ಸರಿಯಾಗಿ ಈ ಎರಡು ಕಡೆಗಳಲ್ಲೇ.

‘ಶೋರೂಂ ಕಂಡೀಷನ್’, ‘ಹೊಸದರಂತಿದೆ’ ಎಂಬ ಹೊಗಳಿಕೆಯನ್ನು ಓದುವವರು ಓದುತ್ತಲೇ ಅರ್ಧಕ್ಕೆ ಇಳಿಸಿಕೊಳ್ಳುತ್ತಾರೆ. ಕಾನೂನು ಕೂಡ ಅದನ್ನು ಬಹುಮಟ್ಟಿಗೆ ಸಹಿಸುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(47)ರ ಪ್ರಕಾರ ಮರುನಿರ್ಮಿಸಿದ, ಬಳಸಿದ, ನವೀಕರಿಸಿದ ಅಥವಾ ಹಳೆಯ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದು ಅನುಚಿತ ವ್ಯಾಪಾರ ಪದ್ಧತಿ. 1986ರ ಹಿಂದಿನ ಕಾಯ್ದೆಯಲ್ಲಿಯೂ ಈ ಮಾತಿತ್ತು. ‘ಹೊಸದು’ ಎಂದವರು ಇದರಡಿ ಸಿಕ್ಕಿಬೀಳುತ್ತಾರೆ, ‘ಹೊಸದರಂತೆ’ ಎಂದವರು ಅದು ತಮ್ಮ ಅಭಿಪ್ರಾಯವೆಂದು ಜಾರಿಕೊಳ್ಳಬಹುದು. ಮೊಬೈಲ್ ವ್ಯಾಪಾರದ ‘ರಿಫರ್ಬಿಶ್ಡ್’ ಎಂಬ ಮಾತಿಗೂ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ. ಒಂದು ಕಡೆ ಬ್ಯಾಟರಿ ಬದಲಿಸಿ, ಪ್ರತಿ ಭಾಗವನ್ನೂ ಪರೀಕ್ಷಿಸಿದ ಫೋನಿಗೆ ಆ ಹೆಸರಿರುತ್ತದೆ, ಇನ್ನೊಂದು ಕಡೆ ಒರೆಸಿ ಡಬ್ಬಿಗೆ ಹಾಕಿದ್ದಕ್ಕೂ ಅದೇ ಹೆಸರು. ಆದರೂ ಇವೆಲ್ಲ ಎದುರಿಗೆ ಕಾಣುವ ಮಾತುಗಳು, ಎಚ್ಚರಿಕೆಗೆ ಅವಕಾಶ ಕೊಡುವಂಥವು.

ನಿಜವನ್ನೇ ಹೇಳಿ ದಾರಿ ತಪ್ಪಿಸುವುದು ಇದಕ್ಕಿಂತ ಕಷ್ಟದ ಸಂಗತಿ. ‘ಸಿಂಗಲ್ ಓನರ್’ ಎಂಬುದನ್ನೇ ನೋಡೋಣ. ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ ಇರುವುದರಿಂದ ಇದು ದಾಖಲೆಯಲ್ಲಿ ಪರೀಕ್ಷಿಸಬಹುದಾದ ಮಾತು. ಆದರೆ ಬ್ರೋಕರ್‌ಗಳ ನಡುವೆ ‘ಓಪನ್ ಫಾರಂ’ ಎಂಬ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಮೊದಲ ಮಾಲೀಕರಿಂದ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಗಾಡಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೂವರು ಓಡಿಸಿದ ಗಾಡಿ ದಾಖಲೆಯಲ್ಲಿ ಒಬ್ಬರದೇ ಆಗಿ ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ ತಿಳಿಸಬೇಕು. ಹಾಗೆ ಮಾಡದೆ ಹೋದರೆ ಹೊಣೆ ಯಾರದು ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು: ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ. ಹೀಗೆ ಅಕ್ಷರಶಃ ನಿಜವಾದ ‘ಸಿಂಗಲ್ ಓನರ್’ ಎಂಬ ಮಾತು ಕೊಳ್ಳುವವರನ್ನು ಮಾತ್ರವಲ್ಲ, ಎಂದೋ ಗಾಡಿ ಮಾರಿ ಮರೆತವರನ್ನೂ ಸಿಕ್ಕಿಸಬಲ್ಲದು.

‘ಇನ್ಶೂರೆನ್ಸ್ ಇದೆ’ ಎಂಬ ಮಾತೂ ಇಂಥದೇ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಸ್ವಂತ ಗಾಡಿಯ ಹಾನಿಗೆ ಸಿಗುವ ರಕ್ಷಣೆ ಅದರಲ್ಲಿ ಸೇರಿಲ್ಲ. ಅದು ಮೊದಲ ವರ್ಷಕ್ಕೇ ಮುಗಿದಿದ್ದರೂ ಜಾಹೀರಾತಿನ ಮಾತು ಸುಳ್ಳಾಗುವುದಿಲ್ಲ. ‘ಆಕ್ಸಿಡೆಂಟ್ ಆಗಿಲ್ಲ’ ಎಂಬ ಮಾತನ್ನು ಒರೆಗೆ ಹಚ್ಚಲು ಪಾಲಿಸಿಯ ನೋ ಕ್ಲೈಮ್ ಬೋನಸ್ ಕಾಲಂ ಸ್ವಲ್ಪ ನೆರವಾಗುತ್ತದೆ. ಕ್ಲೈಮ್ ಇಲ್ಲದ ಮೊದಲ ವರ್ಷದ ನಂತರ ಅದು ಶೇ. 20, ಐದು ವರ್ಷಗಳ ನಂತರ ಶೇ. 50. ಆದರೆ ಆ ಬೋನಸ್ ಮಾಲೀಕರಿಗೆ ಸೇರಿದ್ದು, ಗಾಡಿಗಲ್ಲ. ಹಿಂದಿನ ಕಾರಿನಿಂದ ತಂದುಕೊಂಡಿರಬಹುದು, ಇಲ್ಲವೇ ಕೈಯಿಂದ ಹಣ ಹಾಕಿ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿ ಉಳಿಸಿಕೊಂಡಿರಬಹುದು.

ಇಂಥ ಅರ್ಧ ನಿಜಗಳನ್ನು ಓದಲು ಭಾಷಾಶಾಸ್ತ್ರಜ್ಞರು ಪಾಲ್ ಗ್ರೈಸ್ ಅವರ ಸಂಭಾಷಣಾ ತತ್ವಗಳ ನೆರವು ಪಡೆಯುತ್ತಾರೆ. 1975ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಮಾತಾಡುವವರು ಸಂದರ್ಭಕ್ಕೆ ಬೇಕಾದಷ್ಟನ್ನು ಹೇಳಿಯೇ ಹೇಳುತ್ತಾರೆ ಎಂದು ಕೇಳುವವರು ನಂಬುತ್ತಾರೆ. ಆ ನಂಬಿಕೆಯೇ ಇಲ್ಲಿ ಬಂಡವಾಳ. ನನಗೆ ಇದಕ್ಕಿಂತ ಉಪಯುಕ್ತವಾಗಿ ಕಾಣುವ ಸಾಧನ ಮೀಮಾಂಸಕರ ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು. ಒಂದಕ್ಕೊಂದು ಹೊಂದದ ಎರಡು ಸಂಗತಿಗಳು, ಹೇಳದೆ ಬಿಟ್ಟ ಮೂರನೆಯದನ್ನು ತಾವಾಗಿ ಬಯಲು ಮಾಡುತ್ತವೆ. ‘18,000 ಕಿ.ಮೀ. ಮಾತ್ರ ಓಡಿದೆ, ನಾಲ್ಕೂ ಟೈರ್ ಹೊಸದು’ ಎಂದು ಒಂದೇ ಉಸಿರಿನಲ್ಲಿ ಹೇಳುವ ಜಾಹೀರಾತು ಇದಕ್ಕೆ ತಕ್ಕ ಉದಾಹರಣೆ. ಕಾರಿನ ಟೈರು ಸಾಮಾನ್ಯ ಬಳಕೆಯಲ್ಲಿ 40 ಸಾವಿರ ಕಿ.ಮೀ. ಆಸುಪಾಸು ಬಾಳುತ್ತದೆ. ಹಾಗಿದ್ದರೆ ಇಷ್ಟು ಬೇಗ ಬದಲಿಸಿದ್ದೇಕೆ? ಮೀಟರ್ ಹಿಂದಕ್ಕೆ ತಿರುಗಿಸಿರಬಹುದು, ಗಾಡಿ ವರ್ಷಗಟ್ಟಲೆ ನಿಂತಿದ್ದು ಟೈರು ಬಿರುಕುಬಿಟ್ಟಿರಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಐಫೋನಿನ ‘ಬ್ಯಾಟರಿ ಹೆಲ್ತ್ 100’ ಎಂಬ ಹೆಮ್ಮೆಯ ಸಾಲನ್ನೂ ಹೀಗೇ ಓದಬೇಕು. ನಾಲ್ಕು ವರ್ಷ ಬಳಸಿದ ಫೋನಿನಲ್ಲಿ ಅಷ್ಟಿದ್ದರೆ ಬ್ಯಾಟರಿ ಬದಲಾಗಿದೆ ಎಂದೇ ಬಹುಪಾಲು ಅರ್ಥ. ಐಒಎಸ್ 15.2 ಬಂದ ಮೇಲೆ ಬದಲಾದ ಬ್ಯಾಟರಿ, ಡಿಸ್ಪ್ಲೇಗಳು ಕಂಪನಿಯವೋ ಅಲ್ಲವೋ ಎಂಬುದನ್ನು ಹಲವು ಮಾದರಿಗಳ ಸೆಟ್ಟಿಂಗ್ಸ್‌ನಲ್ಲಿ ನೋಡಬಹುದು.

‘ಡಾಕ್ಟರ್ ಓಡಿಸಿದ್ದು’, ‘ಲೇಡಿ ಡ್ರಿವನ್’, ‘ಮಿಲಿಟರಿಯವರ ಗಾಡಿ’ ಎಂಬ ಗುಂಪಿನ ಮಾತುಗಳು ಸರಕಿನ ಬಗ್ಗೆ ಏನೂ ಹೇಳುವುದಿಲ್ಲ. ಅವು ಬಳಸಿದವರ ಸ್ಥಾನಮಾನವನ್ನು ಹೇಳಿ ಸರಕಿನ ಗುಣವನ್ನು ಓದುವವರ ಊಹೆಗೆ ಬಿಡುತ್ತವೆ. ಇದರ ಬೇರು ಹಳೆಯದು. ಘಾಟಿ ಸುಬ್ರಹ್ಮಣ್ಯದಲ್ಲೋ ಸಿದ್ಧಗಂಗೆಯಲ್ಲೋ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರು ‘ಯಾರ ಮನೆಯದು?’ ಎಂದು ಕೇಳುತ್ತಾರೆ. ಚೆನ್ನಾಗಿ ಮೇಯಿಸುವ ಮನೆ ಯಾವುದು, ಹೊಡೆದು ದುಡಿಸುವ ಮನೆ ಯಾವುದು ಎಂಬುದು ಸುತ್ತಲಿನ ಊರುಗಳಿಗೆ ಗೊತ್ತಿರುವುದರಿಂದ ಆ ಪ್ರಶ್ನೆಗೆ ಬೆಲೆಯಿದೆ. ಅಷ್ಟಕ್ಕೇ ಅವರು ನಿಲ್ಲುವುದೂ ಇಲ್ಲ. ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಬೆಲೆ ಟವೆಲಿನ ಕೆಳಗೆ ಬೆರಳುಗಳಲ್ಲಿ ಗುಟ್ಟಾಗಿ ನಡೆದರೂ ಪರೀಕ್ಷೆ ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಆನ್‌ಲೈನ್ ಜಾಹೀರಾತು ‘ಯಾರ ಮನೆಯದು’ ಎಂಬ ಪ್ರಶ್ನೆಯ ಉತ್ತರವನ್ನು ಮಾತ್ರ ಉಳಿಸಿಕೊಂಡಿದೆ. ಆ ಉತ್ತರವನ್ನು ಕಾಯುತ್ತಿದ್ದ ಊರು ಅಲ್ಲಿಲ್ಲ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ತುರ್ತಾಗಿ ಮಾರಬೇಕು ಎಂದು ನಂಬಿಸಿ ಮುಂಗಡ ಕಿತ್ತುಕೊಳ್ಳುವ ವಂಚಕರು ಬೆಳೆದದ್ದು ಇದೇ ಖಾಲಿ ಜಾಗದಲ್ಲಿ.

ಇನ್ನು ಮೌನ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ಮುಳುಗಿದ್ದವು. ನೀರು ಕಂಡ ಗಾಡಿಯನ್ನು ಒಣಗಿಸಿ, ಸೀಟು ಬದಲಿಸಿ ಮಾರುವವರು ನೀರಿನ ವಿಷಯವನ್ನೇ ಎತ್ತದಿದ್ದರೆ ಅದು ವಂಚನೆಯೇ? ಭಾರತೀಯ ಕರಾರು ಕಾಯ್ದೆ 1872ರ ಕಲಂ 17 ಕೊಡುವ ಉತ್ತರ ಇಂದಿನ ಓದುಗರನ್ನು ಬೆಚ್ಚಿಬೀಳಿಸುತ್ತದೆ. ಬರೀ ಮೌನ ವಂಚನೆಯಲ್ಲ. ಕಾಯ್ದೆಯೇ ಕೊಟ್ಟ ದೃಷ್ಟಾಂತದಲ್ಲಿ ಒಬ್ಬಾತ ತನ್ನ ಕುದುರೆಗೆ ಖಾಯಿಲೆಯಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಅದು ವಂಚನೆಯಲ್ಲ. ಕೊಳ್ಳುವವಳು ಆತನ ಮಗಳಾಗಿದ್ದು, ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳಾಗಿದ್ದರೆ ಹೇಳುವ ಕರ್ತವ್ಯವಿದೆ. ಇನ್ನೊಂದು ದೃಷ್ಟಾಂತ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು. ನೀನು ಅಲ್ಲಗಳೆಯದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದ್ದಾಗ, ಮಾರುವವನ ಮೌನ ಮಾತಿಗೆ ಸಮ. ಅಂದರೆ ಪ್ರಶ್ನೆಯೊಂದು ಮೌನದ ಕಾನೂನು ಬೆಲೆಯನ್ನೇ ಬದಲಿಸುತ್ತದೆ. ‘ಗಾಡಿ ನೀರಿನಲ್ಲಿ ಮುಳುಗಿಲ್ಲ ಎಂದುಕೊಂಡು ಬರುತ್ತಿದ್ದೇನೆ, ಮುಳುಗಿದ್ದರೆ ತಿಳಿಸಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿಟ್ಟ ಒಂದು ಸಾಲು ಒಂದೂವರೆ ಶತಮಾನದ ಹಿಂದಿನ ಈ ದೃಷ್ಟಾಂತದ ಬಲ ಪಡೆಯಬಲ್ಲದು. ನಮ್ಮ ಗ್ರಾಹಕ ಜಾಗೃತಿಯ ಭಾಷಣಗಳಲ್ಲಿ ಇದು ಕೇಳಿಬರದಿರುವುದು ನನಗೆ ನೋವಿನ ಸಂಗತಿ.

ಕಲಂ 19ರ ವಿನಾಯಿತಿಯೊಂದು ಇದನ್ನು ಮತ್ತೆ ತೊಡಕಾಗಿಸುತ್ತದೆ. ಸಾಧಾರಣ ಎಚ್ಚರದಿಂದ ಸತ್ಯ ತಿಳಿಯುವ ದಾರಿ ಕೊಳ್ಳುವವರಿಗೆ ಇದ್ದರೆ, ತಪ್ಪು ನಿರೂಪಣೆಯ ಅಥವಾ ವಂಚನೆಯ ಮೌನದ ಕಾರಣಕ್ಕೆ ಕರಾರು ರದ್ದು ಮಾಡಲಾಗದು. ‘ವಾಹನ್’ ಪೋರ್ಟಲ್, ಕಳವಾದ ಫೋನಿನ ಐಎಂಇಐ ಪರೀಕ್ಷಿಸುವ ‘ಸಂಚಾರ ಸಾಥಿ’ಯಂಥ ಸಾರ್ವಜನಿಕ ವ್ಯವಸ್ಥೆಗಳು ಹೆಚ್ಚಿದಷ್ಟೂ ‘ನೀವೇ ನೋಡಬಹುದಿತ್ತಲ್ಲ’ ಎಂಬ ವಾದಕ್ಕೆ ಬಲ ಬರುತ್ತದೆ. ಪಾರದರ್ಶಕತೆಗೆಂದು ತೆರೆದ ಬಾಗಿಲು ಮಾರುವವರ ರಕ್ಷಣೆಗೂ ಒದಗುವ ಈ ಸಾಧ್ಯತೆಯನ್ನು ನೀತಿ ರೂಪಿಸುವವರು ಗಂಭೀರವಾಗಿ ಎಣಿಸಬೇಕು.

ಈಗ ‘ಡೈರೆಕ್ಟ್ ಓನರ್’ ಎಂಬ ಮಾತಿಗೆ ಬರುವುದಾದರೆ, ಜಾಹೀರಾತಿನ ಇಡೀ ಸಾಲಿನಲ್ಲಿ ಅತಿ ಮುಗ್ಧವಾಗಿ ಕಾಣುವ ಈ ಎರಡು ಪದಗಳೇ ಕಾನೂನಿನ ದೃಷ್ಟಿಯಿಂದ ಅತಿ ತೂಕದವು. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು 2020, ನಿಯತವಾದ ವ್ಯಾಪಾರವಲ್ಲದೆ ವೈಯಕ್ತಿಕವಾಗಿ ನಡೆಸುವ ಚಟುವಟಿಕೆಗೆ ಅನ್ವಯಿಸುವುದಿಲ್ಲ. ಸರಕು ಮಾರಾಟ ಕಾಯ್ದೆ 1930ರ ಕಲಂ 16 ಕೂಡ, ಸರಕು ಮಾರಲು ಯೋಗ್ಯವಾದ ಗುಣಮಟ್ಟದ್ದಾಗಿರಬೇಕೆಂಬ ಗರ್ಭಿತ ಷರತ್ತನ್ನು ಆ ಬಗೆಯ ಸರಕಿನ ವ್ಯಾಪಾರ ಮಾಡುವವರಿಗಷ್ಟೇ ವಿಧಿಸುತ್ತದೆ. ಹೀಗಾಗಿ ತಿಂಗಳಿಗೆ ಹತ್ತಾರು ಗಾಡಿ ದಾಟಿಸುವ ಬ್ರೋಕರ್ ‘ನನ್ನ ಸ್ವಂತ ಗಾಡಿ’ ಎಂದು ಬರೆದಾಗ ಕಮಿಷನ್ ಮುಚ್ಚಿಟ್ಟದ್ದಕ್ಕಿಂತ ದೊಡ್ಡದು ನಡೆಯುತ್ತದೆ. ಕೊಳ್ಳುವವರಿಗೆ ಸಿಗಬೇಕಿದ್ದ ರಕ್ಷಣೆಗಳ ಇಡೀ ಒಂದು ಪದರ ಕಳಚಿಬೀಳುವಂತೆ ತೋರುತ್ತದೆ. ಸತ್ಯ ಹೊರಬಿದ್ದರೆ ಆ ರಕ್ಷಣೆ ಮರಳಿ ಸಿಗಬಹುದು, ಆದರೆ ಮಾರಿದವರು ವ್ಯಾಪಾರಿಯೆಂದು ಸಾಬೀತು ಮಾಡುವ ಭಾರ ದೂರುದಾರರ ಹೆಗಲ ಮೇಲಿರುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಳೆಯ ವಾಹನಗಳ ಡೀಲರ್‌ಗಳು ಅಧಿಕಾರಪತ್ರ ಪಡೆಯಬೇಕು, ತಮ್ಮ ಕೈಗೆ ಗಾಡಿ ಬಂದದ್ದು ಪೋರ್ಟಲ್‌ನಲ್ಲಿ ದಾಖಲಾಗಬೇಕು, ಅಲ್ಲಿಂದ ಅದರ ಹೊಣೆ ಅವರದು. ಓಪನ್ ಫಾರಂ ಪದ್ಧತಿಗೆ ಇದು ಸರಿಯಾದ ಮದ್ದು. ಆದರೆ ಡೀಲರ್ ತಾನು ಡೀಲರ್ ಎಂದು ಒಪ್ಪಿಕೊಂಡಾಗ ಮಾತ್ರ ಅದು ಕೆಲಸ ಮಾಡುತ್ತದೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳನ್ನೇ ಉದಾಹರಣೆಯಾಗಿ ಹಿಡಿದು, ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸಲಾಗದ ಮಾರುಕಟ್ಟೆಯಿಂದ ಒಳ್ಳೆಯ ಸರಕು ಹೊರಗೆ ಹೋಗುತ್ತದೆ ಎಂದು ತೋರಿಸಿದರು. ಅದನ್ನು ಓದುವಾಗ ನನಗೆ ನೆನಪಾಗುವುದು ಪ್ರಾಮಾಣಿಕ ಮಾಲೀಕರು. ಎಡಗಡೆಯ ಬಾಗಿಲಿಗೆ ಪೇಂಟ್ ಆಗಿದೆ ಎಂದು ಬರೆದವರ ಜಾಹೀರಾತು, ಏನೂ ಬರೆಯದವರ ಜಾಹೀರಾತಿನ ಪಕ್ಕದಲ್ಲಿ ಸೋಲುತ್ತದೆ. ದೋಷ ತಿಳಿಸುವುದನ್ನು ಎಲ್ಲರಿಗೂ ಕಡ್ಡಾಯ ಮಾಡದೆ ಅವರಿಗೆ ನ್ಯಾಯ ಸಿಗದು. ಅಮೆರಿಕದಲ್ಲಿ ಇದೇ ಉದ್ದೇಶಕ್ಕೆ ಫೆಡರಲ್ ಟ್ರೇಡ್ ಕಮಿಷನ್ 1981ರಲ್ಲಿ ನಿಯಮವೊಂದನ್ನು ರೂಪಿಸಿತ್ತು. ಡೀಲರ್‌ಗಳು ತಮಗೆ ಗೊತ್ತಿರುವ ದೋಷಗಳನ್ನು ಗಾಡಿಯ ಗಾಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆಯಬೇಕಿತ್ತು. 1982ರಲ್ಲಿ ಅಲ್ಲಿನ ಕಾಂಗ್ರೆಸ್ ಅದನ್ನು ತಡೆಯಿತು. ಕೊನೆಗೆ 1985ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ವಾರಂಟಿ ಇದೆಯೋ ಇಲ್ಲವೋ ಎಂಬ ಚೀಟಿ ಉಳಿಯಿತು, ಗೊತ್ತಿರುವ ದೋಷದ ಭಾಗ ಬಿದ್ದುಹೋಯಿತು.

ನಮ್ಮಲ್ಲಿ ಅದೇ ಭಾಗವನ್ನು ಜಾಹೀರಾತು ಹಾಕುವ ಅರ್ಜಿಯಲ್ಲೇ ಸೇರಿಸಬಹುದು. ಅಪಘಾತವಾಗಿದೆಯೇ, ನೀರಿನಲ್ಲಿ ಮುಳುಗಿದೆಯೇ, ಮೀಟರ್ ಬದಲಾಗಿದೆಯೇ, ಸಾಲ ಬಾಕಿಯಿದೆಯೇ, ಕಳೆದ ಒಂದು ವರ್ಷದಲ್ಲಿ ಇಂಥ ಎಷ್ಟು ಸರಕು ಮಾರಿದ್ದೀರಿ ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸದೆ ಜಾಹೀರಾತು ಪ್ರಕಟವಾಗಬಾರದು. ಕೊನೆಯ ಪ್ರಶ್ನೆಯ ಉತ್ತರವನ್ನು ವೇದಿಕೆಗಳು ತಮ್ಮಲ್ಲಿರುವ ಮೊಬೈಲ್ ಸಂಖ್ಯೆಗಳ ದಾಖಲೆಯೊಂದಿಗೆ ತಾಳೆ ನೋಡಬಹುದು. ಕಲಂ 19ರ ವಿನಾಯಿತಿ ಮೌನಕ್ಕೂ ತಪ್ಪು ನಿರೂಪಣೆಗೂ ಸೀಮಿತ. ಗೊತ್ತಿದ್ದೂ ‘ಇಲ್ಲ’ ಎಂದು ಗುರುತು ಹಾಕಿದ ಉತ್ತರ ನೇರ ವಂಚನೆ. ಅದರ ಮುಂದೆ, ಕೊಳ್ಳುವವರು ಎಚ್ಚರ ವಹಿಸಬೇಕಿತ್ತು ಎಂಬ ವಾದ ನಿಲ್ಲುವುದಿಲ್ಲ.