ವಿದ್ಯಾಋಣವೂ ಸಪ್ತರ್ಷಿಗಳ ಸೇವೆಯೂ

ವಿದ್ಯೆಯನ್ನು ಪಡೆದವನು ಆ ವಿದ್ಯೆಗೆ ಆಶ್ರಯವಿತ್ತ ಸಮಾಜಕ್ಕೆ ಋಣಿಯು. ಹಣ ಕೊಟ್ಟು ಈ ಋಣವನ್ನು ತೀರಿಸಿದವರು ಅನೇಕರುಂಟು; ಆಯುಷ್ಯವನ್ನೇ ಕೊಟ್ಟು ತೀರಿಸಿದವರು ವಿರಳ. ಉತ್ತರ ಕರ್ನಾಟಕದ ವಿದ್ಯಾಪ್ರಸಾರದ ಚರಿತ್ರೆಯಲ್ಲಿ ಈ ಎರಡು ತೆರನ ಪುಣ್ಯಪುರುಷರೂ ಜೊತೆಗೂಡಿ ದುಡಿದುದು ಕಂಡುಬರುತ್ತದೆ. ತನು-ಮನ-ಧನಗಳ ತ್ರಿವಿಧ ದಾಸೋಹವನ್ನು ಬಲ್ಲ ಸದ್ಭಕ್ತರಿಗೆ ಈ ವೃತ್ತಾಂತವು ಮನನೀಯವಾದುದು.

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪಿತವಾಯಿತು. ಆದರೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಕನ್ನಡ ಬಾಲಕರಿಗೆ ಅದರ ಬಾಗಿಲು ಬಹುದೂರವಾಗಿದ್ದಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಅಲ್ಲಿಯವರೆಗೆ ಪದವಿಯನ್ನು ಬಯಸಿದವರು ಪುಣೆಗೋ ಮುಂಬಯಿಗೋ ಹೋಗಬೇಕಾಗುತ್ತಿದ್ದಿತು. ಒಕ್ಕಲುತನದ ಮನೆಯ ಮಗನಿಗೆ ಅಷ್ಟು ದೂರದ ವಾಸದ ವೆಚ್ಚವೆಲ್ಲಿಂದ ಒದಗಬೇಕು? ಈ ಕೊರತೆಯನ್ನರಿತು ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿಯೊಂದನ್ನು ಕೂಡಿಸಿದರು. ಸಿರಸಂಗಿಯ ಲಿಂಗರಾಜರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಲಿಂಗೈಕ್ಯರಾದರು. ಹೀಗೆ ಧನದಾಸೋಹದ ಬೀಜವು ನೆಲಕ್ಕೆ ಬಿದ್ದಿತು. ಅದು ಬೆಳೆಯಬೇಕಾದರೆ ಕಲಿತವರು ಮರಳಿ ಬಂದು ದುಡಿಯಬೇಕಾಗಿದ್ದಿತು.

ಹಾಗೆ ದುಡಿಯುವ ಬಗೆಯನ್ನು ಪುಣೆಯು ಆ ಮೊದಲೇ ತೋರಿಸಿಕೊಟ್ಟಿದ್ದಿತು. ಚಿಪಳೂಣಕರ, ತಿಲಕ, ಆಗರಕರ ಮೊದಲಾದವರ ಪ್ರಯತ್ನದಿಂದ ಅಲ್ಲಿ 1880ರಲ್ಲಿ ಹೊಸ ಶಾಲೆಯೊಂದು ಹುಟ್ಟಿತು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯೂ ಮರುವರ್ಷ ಫರ್ಗ್ಯುಸನ್ ಕಾಲೇಜೂ ಸ್ಥಾಪಿತವಾದವು. ಅಲ್ಲಿಯ ಆಜೀವ ಸದಸ್ಯರು ಅಲ್ಪ ವೇತನದಲ್ಲಿ ಇಪ್ಪತ್ತು ವರ್ಷ ಸೇವೆ ಸಲ್ಲಿಸುವೆವೆಂದು ವಚನವೀಯುತ್ತಿದ್ದರು. ಗೋಪಾಲಕೃಷ್ಣ ಗೋಖಲೆಯವರಂತಹ ಪ್ರತಿಭಾವಂತರು ತಿಂಗಳಿಗೆ 75 ರೂಪಾಯಿಗಳ ವೇತನಕ್ಕೆ ಒಪ್ಪಿ ಈ ವ್ರತವನ್ನು ಕೈಕೊಂಡರು.

ಈ ಆದರ್ಶವನ್ನು ಕಣ್ಣಮುಂದಿಟ್ಟುಕೊಂಡು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಒಂದುಗೂಡಿದರು. ಬಸವನಾಳ, ಸಾಖರೆ, ಕಟ್ಟಿಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ ಎಂಬ ಮನೆತನಗಳ ಈ ಏಳ್ವರು 1916ನೆಯ ಇಸವಿ ನವಂಬರ 13ರಂದು ಒಂದು ಆಂಗ್ಲ-ದೇಶಭಾಷಾ ಶಾಲೆಯನ್ನು ತೆರೆದರು. ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯ ಉದಯವಾದುದು ಅಂದೇ. ಅರಟಾಳ ರುದ್ರಗೌಡರು, ವಂಟಮುರಿಯ ದೇಸಾಯಿ ಲಖಮಗೌಡರು, ಅಣಿಗೋಳ ವೈಜಪ್ಪನವರು ಇವರ ಬೆಂಬಲವಾಗಿ ನಿಂತರು. ಮುಂದೆ ಆ ಶಾಲೆಯು ಗಿಲಗಂಚಿ-ಅರಟಾಳರ ಹೆಸರನ್ನು ತಳೆದು, 1883ರ ನಿಧಿಯ ಸ್ಥಾಪಕರಿಗೆ ಜೀವಂತ ಸ್ಮಾರಕವಾಯಿತು.

ಆ ಕಾಲದಲ್ಲಿ ಉಚ್ಚ ಶಿಕ್ಷಣ ಹೊಂದಿದ ತರುಣನಿಗೆ ಸರಕಾರದ ನೌಕರಿಯೂ ವಕೀಲಿಯೂ ಕೈಬೀಸಿ ಕರೆಯುತ್ತಿದ್ದವು. ಆ ದಾರಿಯನ್ನು ಬಿಟ್ಟು, ನಾಳೆ ನಿಂತೀತೋ ಇಲ್ಲವೋ ಎಂಬ ಶಾಲೆಗೆ ಬಾಳನ್ನು ಕಟ್ಟಿಕೊಳ್ಳುವುದು ಸಾಹಸವೇ ಸರಿ. ಇಂತಹ ನಿಷ್ಠೆಯ ಭಾರದಲ್ಲಿ ಒಂದು ಪಾಲನ್ನು ಮನೆಯವರೂ ಹೊರಬೇಕಾಗುವುದೆಂಬುದನ್ನು ಮರೆಯಲಾಗದು. ಅವರ ಸೇವೆಯು ಪಾಠ ಹೇಳುವಲ್ಲಿಗೇ ಮುಗಿಯಲಿಲ್ಲ. ಶಿ. ಶಿ. ಬಸವನಾಳರು ವಚನಗಳ ಸಂಪಾದನೆಗೆ ಶ್ರಮಿಸಿ, ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ಯರೊಡಗೂಡಿ ಬಸವಣ್ಣನವರ ವಚನಗಳನ್ನು 1940ರಲ್ಲಿ ಇಂಗ್ಲಿಷಿಗೆ ತಂದರು. ಎಂ. ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಹಾಗೂ ತತ್ತ್ವವನ್ನು ಕುರಿತ ತಮ್ಮ ಬೃಹದ್ಗ್ರಂಥವನ್ನು 1942ರಲ್ಲಿ ಪ್ರಕಟಿಸಿದರು. ಸಂಸ್ಥೆಯಾದರೋ 1933ರಲ್ಲಿ ಲಿಂಗರಾಜ ಕಾಲೇಜನ್ನೂ, 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನೂ, 1963ರಲ್ಲಿ ಬೆಳಗಾವಿಯ ವೈದ್ಯಕೀಯ ಕಾಲೇಜನ್ನೂ ಕಂಡು, 2016ರಲ್ಲಿ ನೂರು ವರ್ಷಗಳನ್ನು ಪೂರೈಸಿತು.

ಇಂತಹ ಸೇವೆಗೆ ಸಲ್ಲಬೇಕಾದ ಗೌರವವಾವುದು? ವಿಶ್ವವಿದ್ಯಾಲಯಗಳು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಗೌರವಿಸುವುದುಂಟು. 1884ರಲ್ಲಿ ಮುಂಬಯಿಯ ಪದವಿ ಪಡೆದು, ವಿಧವೆಯರ ಹಾಗೂ ಸ್ತ್ರೀಯರ ವಿದ್ಯೆಗಾಗಿ ಬಾಳನ್ನು ಸವೆಸಿದ ಧೋಂಡೋ ಕೇಶವ ಕರ್ವೆಯವರಿಗೆ ಅದೇ ವಿಶ್ವವಿದ್ಯಾಲಯವು 1957ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಮರುವರ್ಷ ಅವರಿಗೆ ಭಾರತರತ್ನವೂ ಲಭಿಸಿತು. ಆಗ ಅವರು ನೂರರ ಅಂಚನ್ನು ಮುಟ್ಟಿದ್ದರು. ಬಿರುದು ಬರುವುದಕ್ಕೆ ಅರವತ್ತು ವರ್ಷ ಮೊದಲೇ ಅವರು ದುಡಿಮೆಗೆ ತೊಡಗಿದ್ದರೆಂಬುದು ಗಮನಾರ್ಹ.

ಬೆಳಗಾವಿಯ ಏಳ್ವರಿಗೆ ಸಂದ ಗೌರವವು ಬೇರೊಂದು ಬಗೆಯದು. ದಾನಿಗಳಾದ ಅರಟಾಳರಿಗೆ ಸರಕಾರವು ‘ರಾವಬಹಾದ್ದೂರ’ ಪದವಿಯನ್ನು ಕೊಟ್ಟಿದ್ದಿತು. ಈ ಶಿಕ್ಷಕರಿಗೆ ಜನರೇ ‘ಸಪ್ತರ್ಷಿ’ಗಳೆಂಬ ಹೆಸರನ್ನಿತ್ತರು. ಸರಕಾರದ ಪದವಿಗಳು ಆ ಸರಕಾರದೊಡನೆಯೇ ಅಸ್ತಂಗತವಾದವು. ಜನರಿತ್ತ ಹೆಸರು ಬಾಳಿ ಉಳಿದಿದೆ. ಧನವಿಲ್ಲದೆ ಶಾಲೆಯೇಳದು, ತನುಮನಗಳಿಲ್ಲದೆ ಎದ್ದ ಶಾಲೆಯು ನಿಲ್ಲದು. ಆದುದರಿಂದ ದಾನಿಗಳನ್ನು ನೆನೆಯುವಲ್ಲಿ ದುಡಿದವರನ್ನೂ ನೆನೆಯುವುದು ನ್ಯಾಯವಾದುದು.

ಮಠದ ಪ್ರಸಾದನಿಲಯದಲ್ಲಿ ಉಂಡು, ಸಮಾಜದ ಶಾಲೆಯಲ್ಲಿ ಕಲಿತು ಮೇಲಕ್ಕೇರಿದ ತರುಣರು ಇಂದು ನಾಡಿನ ತುಂಬ ಇರುವರು. ಅವರು ಸಪ್ತರ್ಷಿಗಳಿಗೆ ಹಾಕುವ ಹೂಮಾಲೆಯು ಸಂಜೆಗೆ ಬಾಡೀತು. ತಾವು ಕಲಿತಲ್ಲಿಗೆ ಮರಳಿ ಬಂದು ಒಬ್ಬ ಬಡ ಬಾಲಕನ ಕೈಹಿಡಿದರೆ, ಆ ಪೂಜೆಯು ಬಾಡದೆ ನಿಲ್ಲುವುದು.