ಅಲಾರಂ ತಂತ್ರಾಂಶದಲ್ಲಿ ಡೇಟಾ ಸರ್ವರ್ ಸಂಪರ್ಕದ ನಿಗಾ: ವಿನ್ಯಾಸದ ಹೊಣೆಯ ಪ್ರಶ್ನೆ

ಕಾರ್ಖಾನೆ, ವಿದ್ಯುತ್ ಜಾಲ, ತೈಲ ಸಂಗ್ರಹಾಗಾರಗಳಲ್ಲಿ ಬಳಸುವ ಅಲಾರಂ ತಂತ್ರಾಂಶ ತಾನಾಗಿ ಏನನ್ನೂ ಅಳೆಯುವುದಿಲ್ಲ. ಟ್ಯಾಂಕಿನ ಮಟ್ಟವನ್ನೋ ಪೈಪಿನ ಒತ್ತಡವನ್ನೋ ಅಳೆಯುವುದು ಸೆನ್ಸರ್. ಅದನ್ನು ಓದುವುದು ಪಿಎಲ್‌ಸಿ ಎಂಬ ನಿಯಂತ್ರಕ ಯಂತ್ರ. ಪಿಎಲ್‌ಸಿಯಿಂದ ಎತ್ತಿಕೊಂಡು ಇತರ ತಂತ್ರಾಂಶಗಳಿಗೆ ಒದಗಿಸುವುದು ಡೇಟಾ ಸರ್ವರ್. ಅಲಾರಂ ತಂತ್ರಾಂಶ ಈ ಸರಪಳಿಯ ಕೊನೆಯಲ್ಲಿ ಕುಳಿತು, ಬಂದ ಮೌಲ್ಯವನ್ನು ಗೊತ್ತುಪಡಿಸಿದ ಮಿತಿಯೊಡನೆ ಹೋಲಿಸಿ, ಮೀರಿದ್ದರೆ ಆಪರೇಟರನ್ನು ಎಚ್ಚರಿಸುತ್ತದೆ. ಮಿತಿ ಎಷ್ಟಿರಬೇಕು, ಯಾವ ಅಲಾರಂಗೆ ಎಷ್ಟು ಆದ್ಯತೆ, ಬಂದಾಗ ಏನು ಮಾಡಬೇಕು ಎಂಬುದನ್ನು ಪ್ರಕ್ರಿಯಾ ಎಂಜಿನಿಯರುಗಳು ಸಭೆ ಸೇರಿ, ವಾದಿಸಿ, ದಾಖಲೆ ಮಾಡಿ ತೀರ್ಮಾನಿಸುತ್ತಾರೆ. ಆದರೆ ಅದೇ ತಂತ್ರಾಂಶದಲ್ಲಿ ಸರ್ವರ್‌ನ ಹೆಸರು, ಅಪ್‌ಡೇಟ್ ಅವಧಿ, ಡೆಡ್‌ಬ್ಯಾಂಡ್ (ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಬದಲಾವಣೆಯ ಮಿತಿ), ಟೈಮ್‌ಔಟ್, ಮರುಸಂಪರ್ಕದ ಯತ್ನ ಇವುಗಳನ್ನು ತುಂಬುವ ಇನ್ನೊಂದು ಪುಟವಿದೆ. ಅದನ್ನು ಕಮಿಷನಿಂಗ್ ಹೊತ್ತಿನಲ್ಲಿ ಯಾರೋ ಒಬ್ಬರು, ಬಹಳಷ್ಟು ಸಲ ಕಂಪನಿ ಕೊಟ್ಟ ಮೂಲ ಮೌಲ್ಯಗಳನ್ನು ಹಾಗೆಯೇ ಬಿಟ್ಟು, ಮುಗಿಸುತ್ತಾರೆ. ಈ ಲೇಖನದ ವಾದ ಇಷ್ಟು: ಆ ಎರಡನೆಯ ಪುಟ ಅಲಾರಂ ವಿನ್ಯಾಸದ ಭಾಗ. ಅಲಾರಂ ಬಾರದಿದ್ದಾಗ ಅದರರ್ಥ ‘ಎಲ್ಲ ಸರಿಯಿದೆ’ ಎಂದೋ ‘ಏನೂ ತಲುಪುತ್ತಿಲ್ಲ’ ಎಂದೋ ಆಪರೇಟರಿಗೆ ಗೊತ್ತಾಗುವುದು ಆ ಪುಟದ ಅಂಕಿಗಳಿಂದಲೇ. ಆದ್ದರಿಂದ ಮಿತಿಗಳನ್ನು ಹೇಗೆ ಚರ್ಚಿಸಿ, ಪರೀಕ್ಷಿಸಿ, ದಾಖಲಿಸುತ್ತೇವೋ ಸಂಪರ್ಕದ ನಿಗಾವನ್ನೂ ಹಾಗೆಯೇ ಮಾಡಬೇಕು.

ಈ ಗೊಂದಲ ಹುಟ್ಟುವುದು ದಕ್ಷತೆಗಾಗಿ ಮಾಡಿಕೊಂಡ ಏರ್ಪಾಟಿನಿಂದ. ಪ್ರತಿ ಸೆಕೆಂಡಿಗೂ ಎಲ್ಲ ಟ್ಯಾಗ್‌ಗಳನ್ನು (ಹೆಸರಿಟ್ಟ ಒಂದೊಂದು ಮೌಲ್ಯವನ್ನು) ಕೇಳಿ ತರಿಸಿಕೊಂಡರೆ ಜಾಲದ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಡೇಟಾ ಸರ್ವರಿನಿಂದ ಮಾಹಿತಿ ಪಡೆಯಲೆಂದು 1996ರಲ್ಲಿ ಬಂದ ಒಪಿಸಿ ಮಾನದಂಡದಿಂದ ಇಂದಿನ ಒಪಿಸಿ ಯುಎವರೆಗೆ ರೂಢಿಯಾಗಿರುವುದು ಚಂದಾ ಪದ್ಧತಿ: ಮೌಲ್ಯ ಬದಲಾದರೆ, ಅದೂ ಡೆಡ್‌ಬ್ಯಾಂಡ್ ದಾಟಿ ಬದಲಾದರೆ ಮಾತ್ರ ಸರ್ವರ್ ಕಳುಹಿಸುತ್ತದೆ. ಇದರಲ್ಲಿ ಏನೂ ಬಾರದಿರುವುದೇ ಸಹಜ ಸ್ಥಿತಿ. ಸಂಪರ್ಕ ಸತ್ತಿದ್ದರೂ ಏನೂ ಬರುವುದಿಲ್ಲ. ಎರಡನ್ನೂ ಬೇರ್ಪಡಿಸಲು ಒಪಿಸಿ ಯುಎಯಲ್ಲಿ ಕೀಪ್‌ಅಲೈವ್ ಎಂಬ ಬರಿದಾದ ಸಂದೇಶವಿದೆ. ರಾತ್ರಿ ಬೀದಿಯಲ್ಲಿ ಗೂರ್ಖಾ ಕೋಲು ಕುಟ್ಟುವುದು ಕಳ್ಳ ಬಂದನೆಂದು ಹೇಳಲಿಕ್ಕಲ್ಲ, ತಾನು ಎಚ್ಚರವಾಗಿದ್ದೇನೆಂದು ತಿಳಿಸಲಿಕ್ಕೆ, ಇದೂ ಹಾಗೆಯೇ. ಈ ಸದ್ದು ಎಷ್ಟು ಹೊತ್ತಿಗೊಮ್ಮೆ ಕೇಳಬೇಕೆಂಬುದು ಎರಡು ಅಂಕಿಗಳ ಗುಣಲಬ್ಧ. ಪ್ರಕಟಣೆಯ ಅವಧಿ 1 ಸೆಕೆಂಡ್, ಕೀಪ್‌ಅಲೈವ್ ಎಣಿಕೆ 10 ಆಗಿದ್ದರೆ ಹತ್ತು ಸೆಕೆಂಡಿನ ನಿಶ್ಶಬ್ದವನ್ನು ಸಂಶಯಿಸಬಹುದು. ಅವಧಿ 5 ಸೆಕೆಂಡ್, ಎಣಿಕೆ 60 ಎಂದಿಟ್ಟರೆ ಐದು ನಿಮಿಷ ಏನೂ ಬಾರದಿದ್ದರೂ ತಂತ್ರಾಂಶ ನಿಶ್ಚಿಂತೆಯಿಂದಿರುತ್ತದೆ. ವಿದ್ಯುತ್ ಕ್ಷೇತ್ರದ ಐಇಸಿ 60870-5-104 ಪ್ರೋಟೊಕಾಲಿನಲ್ಲೂ ಇದೇ ತರ್ಕವಿದೆ: ಮೂಲ ಮೌಲ್ಯಗಳ ಪ್ರಕಾರ 20 ಸೆಕೆಂಡ್ ಏನೂ ಬಾರದಿದ್ದರೆ ಪರೀಕ್ಷಾ ಫ್ರೇಮ್ ಹೋಗುತ್ತದೆ, ಅದಕ್ಕೆ 15 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಸಂಪರ್ಕ ಮುಚ್ಚುತ್ತದೆ. ಅಂದರೆ 35 ಸೆಕೆಂಡ್ ಕುರುಡು. ಸಬ್‌ಸ್ಟೇಷನ್ನಿನ ಮಾಹಿತಿಯನ್ನು ಈ ಪ್ರೋಟೊಕಾಲಿನಲ್ಲಿ ತರಿಸಿಕೊಳ್ಳುವ ನಮ್ಮ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. 35 ಸೆಕೆಂಡ್ ಹೆಚ್ಚೋ ಕಡಿಮೆಯೋ ಎಂಬುದನ್ನು ಪ್ರೋಟೊಕಾಲ್ ಹೇಳಲಾರದು. ಟ್ಯಾಂಕ್ ತುಂಬಿ ಹರಿಯಲು ಎಷ್ಟು ಹೊತ್ತು ಬೇಕು, ಲೈನ್ ಕಾದು ಜೋಲಲು ಎಷ್ಟು ಹೊತ್ತು ಬೇಕು ಎಂಬುದನ್ನು ಬಲ್ಲವರೇ ಹೇಳಬೇಕು. ಅವರು ಆ ಪುಟವನ್ನು ನೋಡಿಯೇ ಇರುವುದಿಲ್ಲ.

ಸಾಕ್ಷ್ಯಕ್ಕೆ 2003ರ ಆಗಸ್ಟ್ 14ರಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಬೇರೊಂದು ಸಿಗುವುದು ಕಷ್ಟ. ಅಂದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಹೋಯಿತು. ಕಳೆದುಹೋದ ಲೋಡ್ 61,800 ಮೆಗಾವ್ಯಾಟ್. ಎರಡೂ ದೇಶಗಳ ಜಂಟಿ ಕಾರ್ಯಪಡೆ 2004ರ ಏಪ್ರಿಲಿನಲ್ಲಿ ಕೊಟ್ಟ ಅಂತಿಮ ವರದಿಯನ್ನು ಮರಗಳಿಗೆ ತಗುಲಿದ ಲೈನುಗಳ ಕಥೆಯೆಂದು ಓದುವವರೇ ಹೆಚ್ಚು. ಅಲಾರಂ ವ್ಯವಸ್ಥೆಯ ಕಡೆಯಿಂದ ಓದಿದರೆ ಅದು ಬೇರೆಯೇ ದಾಖಲೆ. ಓಹಾಯೊದ ಫಸ್ಟ್‌ಎನರ್ಜಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಮಧ್ಯಾಹ್ನ 2:14ರ ನಂತರ ಅಲಾರಂಗಳು ನಿಂತವು. ಎರಡು ಪ್ರಕ್ರಿಯೆಗಳು ಒಂದೇ ದತ್ತಾಂಶ ರಚನೆಗೆ ಏಕಕಾಲಕ್ಕೆ ಬರೆಯಹೋಗಿ ಅಲಾರಂ ಪ್ರೋಗ್ರಾಂ ಸ್ತಬ್ಧವಾಗಿತ್ತು. ಒಳಗೆ ಬರುವ ಮಾಹಿತಿ ರಾಶಿಬಿತ್ತು, ಹೊರಗೆ ಏನೂ ಹೋಗಲಿಲ್ಲ. 2:41ಕ್ಕೆ ಮುಖ್ಯ ಸರ್ವರ್, 2:54ಕ್ಕೆ ಬದಲಿ ಸರ್ವರ್ ಬಿದ್ದವು. 3:05ಕ್ಕೆ ಮೊದಲ 345 ಕಿಲೋವೋಲ್ಟ್ ಲೈನ್, 3:32ಕ್ಕೆ ಎರಡನೆಯದು, 3:41ಕ್ಕೆ ಮೂರನೆಯದು ಕಡಿತಗೊಂಡವು. ಅಲಾರಂ ಫಲಕ ಶಾಂತವಾಗಿಯೇ ಇತ್ತು. ನೆರೆಯ ಕಂಪನಿಯಿಂದ ಒಂದು ಲೈನ್ ಕಡಿತಗೊಂಡು ಮತ್ತೆ ಸೇರಿಕೊಂಡಿತೆಂದು ಫೋನ್ ಬಂದಾಗ ಫಸ್ಟ್‌ಎನರ್ಜಿಯ ಆಪರೇಟರಿಗೆ ತನ್ನ ಕಡೆ ಅಂಥದ್ದೇನೂ ಕಾಣಲಿಲ್ಲ. ಕಾಣದ್ದನ್ನು ಅವರು ಇಲ್ಲವೆಂದೇ ಎಣಿಸಿದರು. ಆ ಸ್ಥಾನದಲ್ಲಿ ಯಾರಿದ್ದರೂ ಹಾಗೆಯೇ ಎಣಿಸುತ್ತಿದ್ದರು. ಈ ವರದಿಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಸಂಗತಿ ಇನ್ನೊಂದಿದೆ. ಸರ್ವರ್ ಬಿದ್ದಾಗ ತಾನಾಗಿ ಹೋಗುವ ಸಂದೇಶ ಒಂದಿತ್ತು, ಅದು ಕೆಲಸವನ್ನೂ ಮಾಡಿತು. ಆದರೆ ಅದು ಹೋದದ್ದು ಕಂಪ್ಯೂಟರ್ ವಿಭಾಗದ ಸಿಬ್ಬಂದಿಯ ಪೇಜರಿಗೆ. ಅವರು 3:08ಕ್ಕೆ ಸರ್ವರನ್ನು ಮತ್ತೆ ಎಬ್ಬಿಸಿದರು. ಅಲಾರಂಗಳು ಮರಳಿವೆಯೇ ಎಂದು ಆಪರೇಟರುಗಳನ್ನು ಕೇಳಲಿಲ್ಲ, ಅವು ಹೋಗಿದ್ದವೆಂದು ತಿಳಿಸಲೂ ಇಲ್ಲ.

ಅದೇ ದಿನ, ಆ ಪ್ರದೇಶದ ಮೇಲ್ವಿಚಾರಣೆ ಹೊತ್ತಿದ್ದ ಮಿಡ್‌ವೆಸ್ಟ್ ಐಎಸ್‌ಒ ಸಂಸ್ಥೆಯಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಜಾಲದ ಒಟ್ಟು ಸ್ಥಿತಿಯನ್ನು ಲೆಕ್ಕಹಾಕುವ ಅವರ ಸ್ಟೇಟ್ ಎಸ್ಟಿಮೇಟರ್ 12:15ಕ್ಕೆ ತಾಳೆಯಾಗದ ಉತ್ತರ ಕೊಟ್ಟಿತು. ಕಾರಣ, ಇಂಡಿಯಾನಾದ ಒಂದು 230 ಕಿಲೋವೋಲ್ಟ್ ಲೈನ್ ಕಡಿತಗೊಂಡಿದ್ದರೂ ಅದರ ಸ್ಥಿತಿಯ ಸಂಕೇತವನ್ನು ಎಸ್ಟಿಮೇಟರಿಗೆ ಜೋಡಿಸಿರಲಿಲ್ಲ. ದೋಷ ಹುಡುಕಲೆಂದು ವಿಶ್ಲೇಷಕರು ಐದು ನಿಮಿಷಕ್ಕೊಮ್ಮೆ ತಾನಾಗಿ ನಡೆಯುವ ಲೆಕ್ಕವನ್ನು ನಿಲ್ಲಿಸಿದರು, ಸರಿಪಡಿಸಿದರು, ಮತ್ತೆ ಚಾಲೂ ಮಾಡುವುದನ್ನು ಮರೆತು ಊಟಕ್ಕೆ ಹೋದರು. 2:40ರ ಸುಮಾರಿಗೆ ಅದು ಗೊತ್ತಾಗಿ ಮತ್ತೆ ಹಚ್ಚಿದಾಗ ಲೆಕ್ಕ ಪುನಃ ಕೂಡಲಿಲ್ಲ. ಅಷ್ಟರಲ್ಲಿ ಕಡಿತಗೊಂಡಿದ್ದ ಸ್ಟುವರ್ಟ್–ಅಟ್ಲಾಂಟಾ ಎಂಬ ಇನ್ನೊಂದು ಲೈನಿನ ಸಂಕೇತವೂ ಜೋಡಣೆಯಾಗಿರಲಿಲ್ಲ. ಅದು ಪೂರ್ತಿ ಸರಿಹೋದದ್ದು 4:04ಕ್ಕೆ, ಸರಣಿ ಕುಸಿತಕ್ಕೆ ಎರಡೇ ನಿಮಿಷ ಮುಂಚೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎರಡು ಟ್ಯಾಗ್‌ಗಳ ಜೋಡಣೆ ಬಿಟ್ಟುಹೋಗಿತ್ತು, ಒಂದು ಸ್ವಿಚ್ ಆಫ್ ಆಗಿ ಉಳಿದಿತ್ತು, ಇವೆರಡನ್ನೂ ಗಮನಿಸುವ ಏರ್ಪಾಟು ಇರಲಿಲ್ಲ.

ಈ ಲೇಖನದ ವಾದಕ್ಕೆ ಮೊದಲ ಆಕ್ಷೇಪ: ಫಸ್ಟ್‌ಎನರ್ಜಿಯಲ್ಲಿ ಆದದ್ದು ಪ್ರೋಗ್ರಾಮಿನೊಳಗಿನ ದೋಷ, ಸಂಪರ್ಕದ ಸೆಟ್ಟಿಂಗಿಗೂ ಅದಕ್ಕೂ ಏನು ಸಂಬಂಧ? ದೋಷ ಎಲ್ಲಿತ್ತು ಎಂಬ ಮಟ್ಟಿಗೆ ಆಕ್ಷೇಪ ನಿಜ. ಆದರೆ ಬಳಕೆದಾರನ ತುದಿಯಿಂದ ನೋಡಿದರೆ ಕೇಬಲ್ ತುಂಡಾದುದಕ್ಕೂ ಸರ್ವರ್ ಸ್ತಬ್ಧವಾದುದಕ್ಕೂ ವ್ಯತ್ಯಾಸವಿಲ್ಲ. ಎರಡರಲ್ಲೂ ಬರಬೇಕಾದದ್ದು ಬರುತ್ತಿಲ್ಲ. ಇದರಿಂದ ಹೊರಡುವ ವಿನ್ಯಾಸದ ನಿಯಮ ಮುಖ್ಯವಾದದ್ದು: ನಿಗಾ ಇಡುವ ಮಿಡಿತ ಅಲಾರಂ ಸಾಗುವ ದಾರಿಯಲ್ಲೇ ಮೂಲದಿಂದ ಕೊನೆಯವರೆಗೆ ಸಾಗಬೇಕು. ಪಿಎಲ್‌ಸಿಯಲ್ಲಿ ಪ್ರತಿ ಕೆಲವು ಸೆಕೆಂಡಿಗೆ ಏರುವ ಒಂದು ಎಣಿಕೆಯನ್ನಿಟ್ಟು, ಅದನ್ನು ಡೇಟಾ ಸರ್ವರಿನ ಮೂಲಕ, ಅಲಾರಂ ಎಂಜಿನ್ನಿನ ಮೂಲಕ ಆಪರೇಟರಿನ ಪರದೆಯವರೆಗೆ ಹರಿಸಬೇಕು. ಪಿಂಗ್‌ಗೆ ಉತ್ತರ ಬಂತು, ಸರ್ವಿಸ್ ಚಾಲೂ ಇದೆ ಎಂಬ ಹಸಿರು ದೀಪ ಸಾಲದು. ಸ್ತಬ್ಧವಾದ ಪ್ರೋಗ್ರಾಂ ಕೂಡ ಆಪರೇಟಿಂಗ್ ಸಿಸ್ಟಂ ಲೆಕ್ಕದಲ್ಲಿ ‘ನಡೆಯುತ್ತಿರುವ’ ಪ್ರೋಗ್ರಾಮೇ. ಎರಡನೆಯ ಆಕ್ಷೇಪ ಜೋಡಿ ಸರ್ವರುಗಳನ್ನು ನಂಬುವವರದು: ಒಂದು ಬಿದ್ದರೆ ಇನ್ನೊಂದಿದೆಯಲ್ಲ? ಓಹಾಯೊದಲ್ಲಿ ಮೊದಲನೆಯದನ್ನು ಬೀಳಿಸಿದ ರಾಶಿಯನ್ನೇ ಎರಡನೆಯದು ಹೊತ್ತುಕೊಂಡು ಹದಿಮೂರು ನಿಮಿಷದಲ್ಲಿ ಬಿತ್ತು. ಜೋಡಿ ವ್ಯವಸ್ಥೆ ಯಂತ್ರ ಕೆಟ್ಟಾಗ ಉಪಯೋಗಕ್ಕೆ ಬರುತ್ತದೆ. ಒಂದೇ ತಂತ್ರಾಂಶ, ಒಂದೇ ಸೆಟ್ಟಿಂಗ್ ಎರಡರಲ್ಲೂ ಇದ್ದಾಗ ದೋಷವೂ ಜೋಡಿಯಾಗಿಯೇ ಇರುತ್ತದೆ. 2023ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್, ಹಳೆಯ ಒಪಿಸಿ ಅವಲಂಬಿಸಿರುವ ತನ್ನ ಡಿಕಾಮ್ ತಂತ್ರಜ್ಞಾನದ ಭದ್ರತಾ ಬಿಗಿಯನ್ನು ಆಫ್ ಮಾಡಲಾಗದಂತೆ ಜಾರಿಗೆ ತಂದಾಗ, ಸಿದ್ಧತೆ ಮಾಡಿಕೊಳ್ಳದ ಹಳೆಯ ಒಪಿಸಿ ಸಂಪರ್ಕಗಳು ನಿಲ್ಲುವ ಸ್ಥಿತಿ ಬಂತು. ಒಂದೇ ಅಪ್‌ಡೇಟ್ ಮುಖ್ಯ ಸರ್ವರಿಗೂ ಬದಲಿಗೂ ಒಟ್ಟಿಗೇ ಹೋಗುತ್ತದೆ ಎಂಬುದನ್ನು ಜೋಡಿ ವ್ಯವಸ್ಥೆಯ ಭಕ್ತರು ನೆನಪಿಡುವುದು ಒಳ್ಳೆಯದು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಒಪಿಸಿಯಲ್ಲಿ ಪ್ರತಿ ಮೌಲ್ಯದ ಜೊತೆ ಅದರ ಗುಣಮಟ್ಟದ ಗುರುತು (ಒಳ್ಳೆಯದು, ಸಂಶಯಾಸ್ಪದ, ಕೆಟ್ಟದ್ದು) ಹಾಗೂ ಟೈಮ್‌ಸ್ಟ್ಯಾಂಪ್ ಬರುತ್ತವೆ. ಇವೆರಡನ್ನು ಓದಿಕೊಂಡರೆ ಸಾಕಲ್ಲವೇ ಎಂಬುದು ಆ ಪ್ರಶ್ನೆ. ಓದಿಕೊಳ್ಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಗುಣಮಟ್ಟ ಕೆಟ್ಟಾಗ ಕೊನೆಯ ಒಳ್ಳೆಯ ಮೌಲ್ಯವನ್ನೇ ಹಿಡಿದುಕೊಂಡು ಹೋಲಿಸುವಂತೆ ಸೆಟ್ ಮಾಡಿದರೆ ಅಲಾರಂ ತಂತ್ರಾಂಶ ಹಳಸಿದ ಮಾಹಿತಿಯಿಂದ ಸಮಾಧಾನ ಹೇಳುತ್ತದೆ. ಆದರೆ ಆ ಗುರುತು ಸಾಕ್ಷಿ ಹೇಳುವುದು ಮಾಹಿತಿ ಸಾಗಿದ ದಾರಿಗೆ. ಮೂಲದ ಸತ್ಯಕ್ಕೆ ಅದು ಸಾಕ್ಷಿಯಲ್ಲ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 2005ರ ಡಿಸೆಂಬರ್ 11ರ ನಸುಕಿನಲ್ಲಿ 912ನೇ ಟ್ಯಾಂಕಿಗೆ ಪೆಟ್ರೋಲ್ ಗಂಟೆಗೆ ಸುಮಾರು 550 ಘನ ಮೀಟರ್ ವೇಗದಲ್ಲಿ ಹರಿಯುತ್ತಿತ್ತು. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಮಟ್ಟದ ಗೇಜು ಸಿಕ್ಕಿಕೊಂಡು ಒಂದೇ ಅಂಕಿ ತೋರಿಸತೊಡಗಿತು. ಆ ಟ್ಯಾಂಕಿನ ಪರದೆಯ ಅಲಾರಂಗಳೆಲ್ಲ ಆ ಒಂದೇ ಗೇಜಿನ ಅಂಕಿಯನ್ನು ಅವಲಂಬಿಸಿದ್ದವು, ಹಾಗಾಗಿ ಯಾವುದೂ ಕೂಗಲಿಲ್ಲ. ಸ್ವತಂತ್ರವಾಗಿ ಕೆಲಸ ಮಾಡಬೇಕಿದ್ದ ಮೇಲ್ಮಟ್ಟದ ಸ್ವಿಚ್ ಕೂಡ ನಿಷ್ಕ್ರಿಯವಾಗಿತ್ತು. ಬೆಳಗಿನ 6:01ಕ್ಕೆ ಸ್ಫೋಟವಾಯಿತು. 43 ಮಂದಿ ಗಾಯಗೊಂಡರು. ಅದೇ ಗೇಜು ಆಗಸ್ಟ್ ಕೊನೆಯಿಂದ ಅಲ್ಲಿಯವರೆಗೆ ಹದಿನಾಲ್ಕು ಸಲ ಸಿಕ್ಕಿಕೊಂಡಿತ್ತೆಂದು ನಂತರದ ತನಿಖೆ ಹೇಳಿತು. ಒಳಗೆ ಹರಿವು ಇರುವಾಗ ಮಟ್ಟ ಕದಲದಿರುವುದು ಅಸಾಧ್ಯ. ಈ ಸರಳ ಸಂಗತಿಯನ್ನು ಅಲಾರಂ ತಂತ್ರಾಂಶಕ್ಕೆ ಹೇಳಿಕೊಡಲು ಒಂದು ನಿಯಮ ಸಾಕು: ಪಂಪು ನಡೆಯುತ್ತಿದ್ದು ಇಂತಿಷ್ಟು ನಿಮಿಷ ಮೌಲ್ಯ ಬದಲಾಗದಿದ್ದರೆ ಅದನ್ನು ನಂಬಬೇಡ. ಡೆಡ್‌ಬ್ಯಾಂಡನ್ನು ವಿಪರೀತ ಅಗಲವಾಗಿಟ್ಟಿದ್ದರೆ ಈ ನಿಯಮ ಸುಳ್ಳು ಕೂಗು ಹಾಕುತ್ತದೆ. ಆದ್ದರಿಂದಲೇ ಡೆಡ್‌ಬ್ಯಾಂಡನ್ನೂ ನಿಗಾದ ಅವಧಿಯನ್ನೂ ಬೇರೆ ಬೇರೆ ಜನ ಬೇರೆ ಬೇರೆ ದಿನ ತುಂಬಬಾರದು.

ಕೊನೆಯ ಆಕ್ಷೇಪ ಅಲಾರಂ ನಿರ್ವಹಣೆಯ ಶಿಸ್ತಿನೊಳಗಿನಿಂದಲೇ ಬರುತ್ತದೆ. ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ರಿಫೈನರಿಯಲ್ಲಿ 1994ರ ಜುಲೈ 24ರಂದು ಸ್ಫೋಟಕ್ಕೆ ಮುನ್ನಿನ ಸುಮಾರು ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮೇಲೆ 275 ಅಲಾರಂಗಳು ಸುರಿದವು. ಆ ಬಳಿಕದ ಮಾರ್ಗಸೂಚಿಗಳೆಲ್ಲ ಅಲಾರಂಗಳನ್ನು ಕಡಿಮೆ ಮಾಡಿ ಎನ್ನುತ್ತವೆ. 2009ರ ಐಎಸ್‌ಎ 18.2 ಮಾನದಂಡದ ಪ್ರಕಾರ ಆಪರೇಟರಿನಿಂದ ಸಕಾಲಿಕ ಕ್ರಮ ಬೇಡದ್ದು ಅಲಾರಂ ಅಲ್ಲ. ಸರ್ವರ್ ಸಂಪರ್ಕ ಕಡಿದರೆ ಆಪರೇಟರು ಏನು ಮಾಡಿಯಾರು, ಅದು ಕಂಪ್ಯೂಟರ್ ವಿಭಾಗದ ಕೆಲಸವಲ್ಲವೇ ಎಂದು ಈ ಪಕ್ಷದವರು ಕೇಳುತ್ತಾರೆ. ಇದರ ಒಂದು ಅಂಶವನ್ನು ಒಪ್ಪಲೇಬೇಕು. ಒಂದು ಡೇಟಾ ಸರ್ವರ್ ಬಿದ್ದಾಗ ಅದರಡಿಯ ಎರಡು ಸಾವಿರ ಟ್ಯಾಗ್‌ಗಳೂ ‘ಕೆಟ್ಟ ಗುಣಮಟ್ಟ’ವೆಂದು ಒಂದೊಂದಾಗಿ ಕೂಗುವಂತೆ ಸೆಟ್ ಮಾಡುವುದು ಮಿಲ್‌ಫರ್ಡ್ ಹೇವನ್ನನ್ನು ಮತ್ತೆ ಕಟ್ಟಿದಂತೆಯೇ. ಸರ್ವರಿಗೆ ಒಂದೇ ಅಲಾರಂ ಇರಬೇಕು. ಅದು ಬಂದಾಗ ಕೆಳಗಿನವು ಅಡಗಬೇಕು. ಕ್ಷಣಿಕ ಕಡಿತಗಳಿಗೆ ಕೂಗದಂತೆ ಸಣ್ಣ ವಿಳಂಬವಿರಬೇಕು. ಆದರೆ ಕ್ರಮವೇ ಇಲ್ಲವೆಂಬ ಮಾತು ತಪ್ಪು. ಪರದೆ ಕುರುಡಾಗಿದೆ ಎಂದು ಗೊತ್ತಾದ ಆಪರೇಟರು ಸಬ್‌ಸ್ಟೇಷನ್ನಿಗೆ ಫೋನ್ ಮಾಡಬಹುದು, ಕೈಯಿಂದ ರೀಡಿಂಗ್ ತೆಗೆಸಬಹುದು, ತುಂಬಿಸುವುದನ್ನು ನಿಲ್ಲಿಸಬಹುದು, ನೆರೆಯವರ ಫೋನನ್ನು ತನ್ನ ಪರದೆಗಿಂತ ಹೆಚ್ಚು ನಂಬಬಹುದು. ಓಹಾಯೊದಲ್ಲಿ ಬೇಕಾಗಿದ್ದದ್ದು ಈ ಕೊನೆಯದೇ. ಸರ್ವರನ್ನು ಎಬ್ಬಿಸುವ ಕೆಲಸ ಕಂಪ್ಯೂಟರ್ ವಿಭಾಗದ್ದು. ಅದು ಏಳುವ ತನಕ ಸ್ಥಾವರವನ್ನು ನಡೆಸುವ ಕೆಲಸ ಆಪರೇಟರಿನದು. ಸಂದೇಶ ಇಬ್ಬರಿಗೂ ಹೋಗಬೇಕು, ಆಪರೇಟರಿಗೆ ಮೊದಲು. ಅಲ್ಲದೆ ಅದು ಕೆಟ್ಟುಹೋದ ದಾರಿಯಲ್ಲೇ ಹೋಗಬಾರದು: ಅಲಾರಂ ಎಂಜಿನ್ ಸತ್ತಿದೆಯೆಂದು ಅದೇ ಎಂಜಿನ್ ಹೇಳಲಾರದು, ಹೊರಗಿನ ಬೇರೊಂದು ಯಂತ್ರದ ವಾಚ್‌ಡಾಗ್ ಹೇಳಬೇಕು.

ಉತ್ತರ ಅಮೆರಿಕದ ವಿದ್ಯುತ್ ಕ್ಷೇತ್ರ ಈ ತೀರ್ಮಾನವನ್ನು ನಿಯಮವಾಗಿಸಿದೆ, ತಡವಾಗಿಯಾದರೂ. ಅಲಾರಂ ಪ್ರೊಸೆಸರ್ ವಿಫಲವಾದಾಗ ಸಿಸ್ಟಂ ಆಪರೇಟರಿಗೇ ತಿಳಿಸುವ ನಿಗಾ ಇರಬೇಕು, ದತ್ತಾಂಶದ ಗುಣಮಟ್ಟ ಅವರಿಗೆ ಕಾಣಬೇಕು ಎಂದು ಹೇಳುವ ಟಿಒಪಿ-010 ಮಾನದಂಡ ಅಲ್ಲಿ ಜಾರಿಗೆ ಬಂದದ್ದು 2018ರಲ್ಲಿ, ಕತ್ತಲಾಗಿ ಸುಮಾರು ಹದಿನೈದು ವರ್ಷಗಳ ಮೇಲೆ. ಆದರೆ ಎಷ್ಟು ಸೆಕೆಂಡಿನೊಳಗೆ ತಿಳಿಯಬೇಕು ಎಂಬುದನ್ನು ಸ್ಥಾವರದವರೇ ನಿರ್ಧರಿಸಬೇಕು. ಅದನ್ನು ಕಾಗದದ ಮೇಲೆ ಲೆಕ್ಕಹಾಕಿದರೆ ಸಾಲದು. ಸರಪಳಿಯ ಪ್ರತಿ ಕೊಂಡಿಯ ಟೈಮ್‌ಔಟ್ ಕೂಡುತ್ತಾ ಹೋಗುವುದರಿಂದ ಅಳೆದೇ ನೋಡಬೇಕು. ಹೊಸ ಅಲಾರಂ ವ್ಯವಸ್ಥೆಯನ್ನು ವಹಿಸಿಕೊಳ್ಳುವ ಎಂಜಿನಿಯರುಗಳಲ್ಲಿ ಕೋರಿಕೆಯಿಷ್ಟೆ: ಒಮ್ಮೆ ನೆಟ್‌ವರ್ಕ್ ಕೇಬಲ್ ಕೀಳಿಸಿ, ಒಮ್ಮೆ ಡೇಟಾ ಸರ್ವರನ್ನು ನಿಲ್ಲಿಸಿ, ಒಮ್ಮೆ ಪಿಎಲ್‌ಸಿಯಲ್ಲಿ ಒಂದು ಮೌಲ್ಯವನ್ನು ಕದಲದಂತೆ ಹಿಡಿಸಿ, ಪ್ರತಿ ಸಲವೂ ಆಪರೇಟರಿಗೆ ತಿಳಿಯಲು ಹಿಡಿದ ಸೆಕೆಂಡುಗಳನ್ನು ಅಲಾರಂ ದಾಖಲೆಯಲ್ಲಿ ಬರೆಸಿ. ಆ ಮೂರು ಅಂಕಿಗಳು ಬರುವವರೆಗೆ ವಹಿಸಿಕೊಳ್ಳುವ ಪತ್ರಕ್ಕೆ ಸಹಿ ಹಾಕಬೇಡಿ.