ಬೆಂಕೀಪುರದ ಎರಡು ಸ್ಪಿರಿಟ್ಟು

ಭದ್ರಾವತಿಯ ಹಳೇ ಹೆಸರು ಬೆಂಕೀಪುರ. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಗಾಳಿ ಸೋಕದಂತೆ ಮರವನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಎದ್ದ ಹೊಗೆಯನ್ನು ತಣಿಸಿದರೆ ಡಾಂಬರು ಸಿಗುತ್ತದೆ, ಮೆಥನಾಲ್ ಎಂಬ ಮರದ ಸ್ಪಿರಿಟ್ಟೂ ಸಿಗುತ್ತದೆ. ಅಲ್ಲೇ ದುಡಿದ ಅಪ್ಪ ಹೇಳುತ್ತಿದ್ದರು: 'ನೋಡಿದ್ರೆ ನೀರು, ಮೂಸಿದ್ರೆ ಸಾರಾಯಿ. ಕುಡಿದ ರಾತ್ರಿ ಏನೂ ಆಗಲ್ಲ, ಮಾರನೇ ದಿನ ಕಣ್ಣು ಹೋಗುತ್ತೆ.'

1979ರಲ್ಲಿ ನಾನೂ ಅದೇ ಗೇಟು ಹೊಕ್ಕೆ. ರಾತ್ರಿ ಪಾಳಿ ಬಿಟ್ಟರೆ ಸಾರಾಯಿ ಅಂಗಡಿ. 'ಎಷ್ಟು ಹಾಕಿದ್ರೂ ಇವನ ಸೈಕಲ್ ಸೊಟ್ಟ ಹೋಗಲ್ಲ ಮಾರಾಯ' ಎಂದು ಗೆಳೆಯರು ಬೆನ್ನು ತಟ್ಟುತ್ತಿದ್ದರು. ನನಗದು ಬಿರುದು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಬಜೆಟ್‌ನಲ್ಲಿ ಅದನ್ನು ಸಾರಿದವರು ನಮ್ಮ ಜಿಲ್ಲೆಯ ಶಿಕಾರಿಪುರದ ಯಡಿಯೂರಪ್ಪನವರು. ಪ್ಯಾಕೆಟ್ ಹೋಯಿತು, ನಾನು ಬಾರ್‌ ಸೇರಿದೆ. ನಿನ್ನೆವರೆಗೆ 'ಸಾರಾಯಿ ಕುಡುಕ' ಅಂತಿದ್ದ ನೆಂಟರು ಈಗ 'ಪಾರ್ಟಿಗೆ ಹೋಗ್ತಾನೆ' ಅಂದರು. ಬದಲಾದದ್ದು ಬಿಲ್ಲು ಮಾತ್ರ, ಕೈ ನಡುಗುವುದು ನಿಂತಿರಲಿಲ್ಲ.

ಮರುವರ್ಷ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಗೆಳೆಯ ಮೆಲ್ಲಗೆ ಅಂದ: 'ಮೊದಲು ನಗ್ತಾ ಕುಡೀತಿದ್ದೆ. ಈಗ ಗಡಿಯಾರ ನೋಡ್ತಾ ಕುಡೀತೀಯ.' ಎಂಟು ದಿನ ಅವನೊಂದಿಗೆ ಮಾತು ಬಿಟ್ಟೆ.

ಆಮೇಲೆ ಡಾಕ್ಟರು ನಾಲ್ಕು ಪ್ರಶ್ನೆ ಕೇಳಿದರು. ಕಡಿಮೆ ಮಾಡಬೇಕು ಅನ್ನಿಸಿದೆಯೇ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಅಂದಾಗ ಸಿಟ್ಟು ಬಂದಿದೆಯೇ? ತಪ್ಪಿತಸ್ಥ ಭಾವನೆ ಕಾಡಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸಿದೆಯೇ? ಎರಡಕ್ಕೆ 'ಹೌದು' ಅಂದರೆ ಎಚ್ಚರ. ಅಮೆರಿಕದ ವೈದ್ಯ ಜಾನ್ ಯೂಯಿಂಗ್ ರೂಪಿಸಿದ ಪ್ರಶ್ನೆಗಳಂತೆ. ಎರಡನೆಯದಕ್ಕೆ ಉತ್ತರಿಸುವಾಗ ಬಸ್ ಸ್ಟ್ಯಾಂಡ್ ಕಣ್ಮುಂದೆ ಬಂತು. ಸೈಕಲ್ಲಿನ ಬಿರುದನ್ನೂ ಹೇಳಿದೆ. ಡಾಕ್ಟರು ನಗಲಿಲ್ಲ: 'ದೇಹ ಒಗ್ಗಿಹೋಗಿತ್ತು ಅನ್ನೋದಕ್ಕೆ ಅದೇ ಗುರುತು.'

ಅಪ್ಪನ ಎಚ್ಚರಿಕೆ ಆಗ ಅರ್ಥವಾಯಿತು. ಬೆನ್ನು ತಟ್ಟಿದ ಮಾತು ಆ ರಾತ್ರಿ ನನಗೇನೂ ಮಾಡಲಿಲ್ಲ. ಚುಚ್ಚಿದ ಮಾತು ಮಾತ್ರ ಅಂದೇ ಉರಿಯಿತು. ಈಗ ಆ ಗೆಳೆಯನ ಜೊತೆ ಸಂಜೆ ಟೀ ಕುಡಿಯುತ್ತೇನೆ. ಗಡಿಯಾರ ನೋಡುವವನು ಈಗ ಅವನು. ಅವನಿಗೆ ಕೊನೆ ಬಸ್ ಹಿಡಿಯಬೇಕು.